ಹಿತ್ತಿಲ ಓಣಿಯ ಚರಿತ್ರೆ

ಮಲ್ಲೇಶ್ವರ, ಬಸವನಗುಡಿಗಳ ಹಳೆಯ ರಸ್ತೆಗಳಲ್ಲಿ ನಿಧಾನವಾಗಿ ತಿರುಗಾಡುವ ಅಭ್ಯಾಸವುಳ್ಳವರಿಗೆ ಒಂದು ವಿಚಿತ್ರ ಕಾಣದೆ ಇರದು. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಮಾಡಿ ನಿಂತಿರುವ ಕಡೆ, ನಡುವೆ ಒಂದು ಕಿರಿದಾದ ಓಣಿ ಉಳಿದಿದೆ. ಮುಂದಿನ ರಸ್ತೆಗಳಿಗಿರುವಂತೆ ಅದಕ್ಕೆ ನಂಬರಿಲ್ಲ, ಹೆಸರಿಲ್ಲ. ಯಾವ ಮನೆಯ ತಲೆಬಾಗಿಲೂ ಅದರ ಕಡೆ ತೆರೆಯುವುದಿಲ್ಲ. ಅಲ್ಲಿ ರಂಗವಲ್ಲಿ ಬೀಳುವುದಿಲ್ಲ. ಮದುವೆಯ ಚಪ್ಪರದ ನೆರಳೂ ಅಲ್ಲಿಗೆ ತಾಗಿರಲಾರದು. ಕೆಲವು ಕಡೆ ಅಕ್ಕಪಕ್ಕದವರು ಅದನ್ನು ಸದ್ದಿಲ್ಲದೆ ತಮ್ಮ ಕಾಂಪೌಂಡಿನೊಳಕ್ಕೆ ಸೇರಿಸಿಕೊಂಡಿದ್ದಾರೆ. ಉಳಿದ ಕಡೆ ಸ್ಕೂಟರುಗಳು, ಮುರಿದ ಕುರ್ಚಿಗಳು ಬಿದ್ದಿವೆ. ಬಡಾವಣೆಯ ನಕ್ಷೆ ಬರೆದವರು ಇದನ್ನು 'ಕನ್ಸರ್ವೆನ್ಸಿ ಲೇನ್' ಎಂದು ಕರೆದರು. ಹಿತ್ತಿಲಿನ ಕಕ್ಕಸಿನಿಂದ ಮಲವನ್ನು ಹೊತ್ತುಕೊಂಡು ಹೋಗುವ ಆಳು ಮುಂಬಾಗಿಲಿಗೆ ಬರಬಾರದು, ಮುಂಬೀದಿಯಲ್ಲಿ ಯಾರ ಕಣ್ಣಿಗೂ ಬೀಳಬಾರದು. ಆತನಿಗಾಗಿ ಮಾಡಿದ ದಾರಿ ಇದು.

ಬೆಂಗಳೂರಿನ ಪೌರಾಡಳಿತದ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಪುಟ್ಟಣ್ಣ ಚೆಟ್ಟಿ ಪುರಭವನದ ಎತ್ತರದ ಮೆಟ್ಟಿಲುಗಳಿಂದ ಆರಂಭಿಸುತ್ತಾರೆ. ಅದು ತಪ್ಪೇನಲ್ಲ. ಆದರೆ ಊರಿನ ಸಭೆಯೆಂದರೆ ಸಭಾಂಗಣದಲ್ಲಿ ಕುಳಿತವರು ಮಾತ್ರವೆ, ಅಥವಾ ಆ ಸಭೆಯ ಸಂಬಳ ತಿಂದು ಊರನ್ನು ನಡೆಸಿದವರೂ ಸೇರಿ ಒಂದು ಸಭೆಯೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಆದ್ದರಿಂದ ನಾನು ಈ ಹಿತ್ತಿಲ ಓಣಿಯಿಂದ ಹೊರಡುತ್ತೇನೆ.

ಪೌರಸಭೆ ಎಂಬ ಹೆಸರು ಬರುವುದಕ್ಕೆ ಮುಂಚೆಯೂ ನಮ್ಮ ಊರುಗಳಿಗೆ ನೌಕರರಿದ್ದರು. ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮೊದಲಾದ ಆಯಗಾರರಿಗೆ ಸಂಬಳವೆಂಬುದಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ ಸಲ್ಲುತ್ತಿತ್ತು. ಇದನ್ನು ಕೆಲವರು ರಾಮರಾಜ್ಯವೆಂಬಂತೆ ವರ್ಣಿಸುವುದುಂಟು. ನನಗೆ ಆ ಭ್ರಮೆಯಿಲ್ಲ. ಯಾರು ಯಾವ ಕೆಲಸ ಮಾಡಬೇಕೆಂಬುದನ್ನು ಹುಟ್ಟೇ ತೀರ್ಮಾನಿಸಿಬಿಟ್ಟಿತ್ತು, ಮತ್ತು ಎಲ್ಲರ ಮೊರವೂ ಒಂದೇ ಅಳತೆಯದಾಗಿರಲಿಲ್ಲ. ಆದರೂ ಒಂದು ಮಾತು ನಿಜ: ನೀರುಗಂಟಿ ತೂಬು ತೆರೆಯದಿದ್ದರೆ ಗದ್ದೆ ಒಣಗುತ್ತದೆಂಬುದು ಕಣದಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಕೆಲಸಕ್ಕೂ ಕೂಲಿಗೂ ನಡುವೆ ಮೂರನೆಯವನೊಬ್ಬ ನಿಂತಿರಲಿಲ್ಲ. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

ಕೆಂಪೇಗೌಡರ ಪೇಟೆ ಮೂರು ಶತಮಾನಕ್ಕೂ ಹೆಚ್ಚು ಕಾಲ ಇಂಥ ಏರ್ಪಾಡುಗಳಿಂದಲೇ ಬದುಕಿತು. ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂದು ಕಸುಬಿಗೊಂದು ಬೀದಿ. ಆಯಾ ಬೀದಿಯ ಚೊಕ್ಕಟ ಆಯಾ ಬೀದಿಯವರದು. 1809ರಲ್ಲಿ ಇಂಗ್ಲಿಷರ ದಂಡು ಬಂದು ಪಕ್ಕದಲ್ಲಿ ಬೀಡುಬಿಟ್ಟಿತು. ಊರು ಬೆಳೆಯಿತು, ಜನ ಒತ್ತಿಕೊಂಡರು, ಹಳೆಯ ಏರ್ಪಾಡು ಸಾಲದಾಯಿತು. 1850ರ 26ನೆಯ ಕಾನೂನಿನ ಆಧಾರದ ಮೇಲೆ 1862ರ ಮಾರ್ಚ್ 27ರಂದು ಪೇಟೆಯ ಒಂಬತ್ತು ಮಂದಿ ಗಣ್ಯರು ಸೇರಿ ಒಂದು ಪೌರಮಂಡಲಿಯನ್ನು ರಚಿಸಿಕೊಂಡರು. ಅದೇ ವರ್ಷ ದಂಡಿಗೂ ಅಂಥದೇ ಇನ್ನೊಂದು ಮಂಡಲಿಯಾಯಿತು. ಹೀಗೆ ಒಂದೇ ಊರಿಗೆ ಎರಡು ಪೌರಸಭೆಗಳು ಹುಟ್ಟಿ, ಸುಮಾರು ಎಂಬತ್ತೇಳು ವರ್ಷ ಕಾಲ ಕಬ್ಬನ್ ಪಾರ್ಕಿನ ಈಚೆಗೊಂದು ಆಚೆಗೊಂದಾಗಿ ಬಾಳಿದವು.

ಆ ಒಂಬತ್ತು ಮಂದಿಗೆ ಅಧಿಕಾರ ಹೆಚ್ಚೇನೂ ಇರಲಿಲ್ಲ. ರಸ್ತೆ, ದೀಪ, ಚರಂಡಿ, ಕಸ - ಇಷ್ಟೇ ಅವರ ಪ್ರಪಂಚ. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ಬಗ್ಗೆ ತನ್ನ ಪ್ರಸಿದ್ಧ ನಿರ್ಣಯವನ್ನು ಹೊರಡಿಸಿ, ಜನಕ್ಕೆ ರಾಜಕೀಯ ಶಿಕ್ಷಣ ದೊರೆಯುವುದು ಇಂಥ ಸಭೆಗಳಲ್ಲೇ ಎಂದು ಸಾರಿದನು. ಅದೇ ಕಾಲದಲ್ಲಿ ಬೆಂಗಳೂರಿನಲ್ಲಿಯೂ ಅರ್ಧದಷ್ಟು ಸದಸ್ಯರನ್ನು ಚುನಾಯಿಸುವ ಹಕ್ಕು ತೆರಿಗೆದಾರರಿಗೆ ಬಂದಿತು. ವಕೀಲರು, ಸಾಹುಕಾರರು, ನಿವೃತ್ತ ಅಧಿಕಾರಿಗಳು ಕುರ್ಚಿಗಳಲ್ಲಿ ಕುಳಿತರು. ಬೀದಿ ಗುಡಿಸುವವನಿಗೆ ಮತವಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಪೌರಸಭೆಯ ಕೈ ಚಿಕ್ಕದು, ಊರಿನ ಹೊಟ್ಟೆ ದೊಡ್ಡದು. ಈ ಅಂತರವನ್ನು ತುಂಬಿದವರು ಬೇರೆಯವರು. ಇಂದು 'ಸಹಭಾಗಿತ್ವ' ಎಂಬ ಮಾತನ್ನು ಹೊಸದಾಗಿ ಕಂಡುಹಿಡಿದಂತೆ ಆಡುತ್ತಾರೆ. ಬೆಂಗಳೂರು ಅದರಿಂದಲೇ ಬೆಳೆದ ಊರು. ದಂಡಿನಲ್ಲಿ ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದರು. ವೀಳ್ಯದೆಲೆಯ ವ್ಯಾಪಾರದಲ್ಲಿ ಗಳಿಸಿದ ಎಲೆ ಮಲ್ಲಪ್ಪ ಶೆಟ್ಟರು ಕೆರೆ ಕಟ್ಟಿಸಿದರು. ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಲ್ಲಿ ರೈಲು ನಿಲ್ದಾಣದ ಎದುರು ಬಾಗಿಲು ತೆರೆದು, ಊರಿಗೆ ಹೊಸದಾಗಿ ಬಂದ ಸಾವಿರಾರು ಜನಕ್ಕೆ ಮೊದಲ ರಾತ್ರಿಯ ಸೂರಾಯಿತು. ಇವರು ಪೌರಸಭೆಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಅದು ಮಾಡಲಾರದ್ದನ್ನು ತಾವು ಮಾಡಿದರು. ಸಹಭಾಗಿತ್ವಕ್ಕೆ ಇದು ಒಂದು ಬಗೆ. ಇನ್ನೊಂದು ಬಗೆಯೂ ಉಂಟು. ಅದರ ಮಾತು ಮುಂದೆ.

ನೀರಿನ ಕಥೆಯನ್ನು ಇಲ್ಲಿ ಬಿಡುವಂತಿಲ್ಲ. ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳ ನೀರು ಸಾಲದೆ ಹೋದಾಗ, ಅರ್ಕಾವತಿಯ ಹೆಸರಘಟ್ಟದಿಂದ ಕೊಳಾಯಿಯಲ್ಲಿ ನೀರು ತರುವ ಕೆಲಸ 1894ರಲ್ಲಿ ಆರಂಭವಾಗಿ 1896ರಲ್ಲಿ ಊರಿಗೆ ನೀರು ಮುಟ್ಟಿತು. ಅರಸರ ಸರ್ಕಾರದ ಯೋಜನೆ, ಇಂಗ್ಲಿಷರ ದಂಡಿಗೂ ಪೇಟೆಗೂ ಹಂಚಿಕೆ. ಒಬ್ಬರ ಮುಖ ಒಬ್ಬರು ನೋಡದ ಎರಡು ಪೌರಸಭೆಗಳು ಒಂದೇ ಕೊಳವೆಯ ನೀರು ಕುಡಿದವು. ಧರ್ಮಾಂಬುಧಿ ಆಮೇಲೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೊಳಾಯಿ ಬಂದಮೇಲೆ ಕೆರೆಯನ್ನು ಯಾರು ಕೇಳುತ್ತಾರೆ?

1898ರ ಆಗಸ್ಟಿನಲ್ಲಿ ಪ್ಲೇಗು ಬಂದಿತು. ಊರೇ ಬೆಚ್ಚಿಬಿದ್ದಿತು. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾದರು. ಕೆಲಸದ ಹೊಂದಾಣಿಕೆಗೆಂದು ಟೆಲಿಫೋನ್ ತಂತಿಗಳನ್ನು ಎಳೆದರು. ಜನ ಮನೆಗೆ ಬೀಗ ಹಾಕಿ ಬಯಲಿನ ಗುಡಿಸಲುಗಳಿಗೆ ಓಡಿದರು. ಓಡಲಾರದವರು ಮಾರಿಯಮ್ಮನಿಗೆ ಹರಕೆ ಹೊತ್ತರು. ಇಂದಿಗೂ ಬೆಂಗಳೂರಿನಲ್ಲಿ ಪ್ಲೇಗಿನ ಅಮ್ಮನ ಗುಡಿಗಳಿವೆ, ಪೂಜೆ ನಡೆಯುತ್ತದೆ. ಓಡಿಹೋಗದವರು ಇನ್ನೊಂದು ಗುಂಪಿನವರೂ ಇದ್ದರು. ಇಲಿ ಸತ್ತ ಮನೆಯನ್ನು ತೆರೆಯಬೇಕು, ಸುಣ್ಣ ಬಳಿಯಬೇಕು, ಚರಂಡಿ ತೊಳೆಯಬೇಕು, ಕಕ್ಕಸು ಎತ್ತಬೇಕು. ಊರು ಖಾಲಿಯಾದಾಗ ಊರೊಳಗೆ ಉಳಿಯುವುದೇ ಅವರ ಚಾಕರಿ. ಕಮಿಷನರ ಹೆಸರು ಚರಿತ್ರೆಯಲ್ಲಿ ನಿಂತಿದೆ, ನಿಲ್ಲಬೇಕಾದದ್ದೇ. ಪೊರಕೆ ಹಿಡಿದವರಿಗೆ ಗುಡಿಯೂ ಆಗಲಿಲ್ಲ, ಪುಟವೂ ಸಿಗಲಿಲ್ಲ.

1892ರಲ್ಲೇ ನಕ್ಷೆಯಾಗಿದ್ದ ಮಲ್ಲೇಶ್ವರ, ಬಸವನಗುಡಿಗಳು ತುಂಬಿದ್ದು ಪ್ಲೇಗಿನ ಹೆದರಿಕೆಯಿಂದ. ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆ, ಮನೆಯ ಮುಂದೆ ಸಂಪಿಗೆ, ಮನೆಯ ಹಿಂದೆ ಆ ಓಣಿ. ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಓಣಿ ಒಳ್ಳೆಯ ಯೋಜನೆಯೇ. ಆದರೆ ಹೊಸ ಬಡಾವಣೆಯ ಹೊಸ ನಕ್ಷೆ ಹಳೆಯ ಊರಿನ ಹಳೆಯ ಬುದ್ಧಿಯನ್ನು ಗೆರೆ ಎಳೆದು ನೆಲದ ಮೇಲೆ ಬರೆದುಬಿಟ್ಟಿತು. ಹಳ್ಳಿಯಲ್ಲಿ ಕೇರಿ ಹೊರಗಿತ್ತು. ಇಲ್ಲಿ ಮನೆಯ ಬೆನ್ನಿಗೇ ಬಂದಿತು.

1905ರ ಆಗಸ್ಟ್ 5ರಂದು, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದುವರೆಗೆ ಸಂಜೆ ಹೊತ್ತು ಏಣಿ ಹೊತ್ತು, ಸೀಮೆಎಣ್ಣೆಯ ಡಬ್ಬಿ ಹಿಡಿದು, ಕಂಬದಿಂದ ಕಂಬಕ್ಕೆ ನಡೆದು ದೀಪ ಹಚ್ಚುತ್ತಿದ್ದ ಆಳಿನ ಚಿತ್ರವನ್ನು ಮಾತ್ರ ಯಾವ ಭವನದ ಗೋಡೆಯ ಮೇಲೂ ನಾನು ಕಂಡಿಲ್ಲ. ಅದಿರಲಿ.

1913ರಲ್ಲಿ ಪೇಟೆಯ ಪೌರಸಭೆಗೆ ಗೌರವ ಅಧ್ಯಕ್ಷರ ಪದವಿ ಬಂದಿತು; ಏಳು ವರ್ಷದ ಮೇಲೆ ಅದು ಚುನಾಯಿತ ಪದವಿಯಾಯಿತು. ಆ ಪೀಠದಲ್ಲಿ ಕುಳಿತವರಲ್ಲಿ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟರ ಹೆಸರು ದೊಡ್ಡದು. 1935ರಲ್ಲಿ ತೆರೆದ ಪುರಭವನ ಅವರ ಹೆಸರನ್ನು ಹೊತ್ತಿದೆ. ಕಟ್ಟಿದವರ ಮನಸ್ಸಿನಲ್ಲಿ ಆ ಭವ್ಯವಾದ ಕಂಬಗಳು ಏನನ್ನು ಸಾರಬೇಕೆಂದಿತ್ತೋ! ಮುಂದಿನ ಕಾಲದಲ್ಲಿ ಆ ಭವನದ ಒಳಗಿನ ಭಾಷಣಗಳಿಗಿಂತ ಹೊರಗಿನ ಮೆಟ್ಟಿಲಿನ ಮೇಲಿನ ಘೋಷಣೆಗಳೇ ಊರಿಗೆ ಹೆಚ್ಚು ಕೇಳಿಸಿದವು.

ಸ್ವಾತಂತ್ರ್ಯ ಬಂದಿತು. 1949ರಲ್ಲಿ ಪೇಟೆ ಮತ್ತು ದಂಡು ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಎಪ್ಪತ್ತು ಮಂದಿ ಸದಸ್ಯರು; ಆರ್. ಸುಬ್ಬಣ್ಣನವರು ಮೊದಲ ಮೇಯರು. 1950ರಲ್ಲಿ ಮೊದಲ ಚುನಾವಣೆ. ಮೇಯರ ಗೌನು ಬಂದಿತು, ಅವಧಿ ಮಾತ್ರ ಒಂದೇ ವರ್ಷ. ಹೊಸ ಸೊಸೆಗೆ ಅಡುಗೆಮನೆಯ ಡಬ್ಬಿಗಳು ಎಲ್ಲೆಲ್ಲಿವೆಯೆಂದು ತಿಳಿಯುವುದಕ್ಕೂ ವರ್ಷ ಬೇಕು. ಕಾರ್ಯಭಾರವೆಲ್ಲ ಸರ್ಕಾರ ನೇಮಿಸಿದ ಕಮಿಷನರ ಕೈಯಲ್ಲಿ ಉಳಿಯಿತು.

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಹೊಸ ಬಡಾವಣೆಗಳ ಕೆಲಸ 1945ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟಿಗೆ ಹೋಗಿತ್ತು; 1976ರಲ್ಲಿ ಅದರ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂದಿತು. 1964ರ ಕಾನೂನಿನಿಂದ ನೀರು, ಒಳಚರಂಡಿಗಳು ಬೇರೆಯದೇ ಮಂಡಲಿಗೆ ಸೇರಿದವು. ನೀರಿಗೆ ಒಬ್ಬ ಯಜಮಾನ, ನಿವೇಶನಕ್ಕೆ ಒಬ್ಬ, ದೀಪಕ್ಕೆ ಒಬ್ಬ, ಬಸ್ಸಿಗೆ ಒಬ್ಬ. ಒಬ್ಬರು ರಸ್ತೆಗೆ ಟಾರು ಹಾಕಿದ ಮಾರನೆಯ ದಿನ ಇನ್ನೊಬ್ಬರು ಅಗೆಯುವ ದೃಶ್ಯ ನಮಗೆಲ್ಲ ಪರಿಚಿತವಾದದ್ದೇ. ಒಂದೊಂದಾಗಿ ಆಸ್ತಿ ಪಾಲಾದ ಮನೆಯ ಹಿರಿಯನಂತೆ ಊರಿನ ಸಭೆ ಕುಳಿತಿತ್ತು. ಕೊನೆಗೆ ಅದರ ಕೈಯಲ್ಲಿ ಮುಖ್ಯವಾಗಿ ಉಳಿದದ್ದು 1862ರಲ್ಲಿ ಇದ್ದದ್ದೇ: ರಸ್ತೆ ಮತ್ತು ಕಸ.

ಆ ಕಸ ಎತ್ತುತ್ತಿದ್ದವರು ಯಾರು? ಅಸ್ಪೃಶ್ಯರೆಂದು ಹೊರಗಿಟ್ಟ ಜಾತಿಗಳ ಜನ. ಬಹುಮಟ್ಟಿಗೆ ರಾಯಲಸೀಮೆಯ ಕಡೆಯಿಂದ, ತಮಿಳು ಜಿಲ್ಲೆಗಳಿಂದ ಹೊಟ್ಟೆಪಾಡಿಗೆ ಬಂದವರು. ಎರಡು ಮೂರು ತಲೆಮಾರು ಕಳೆದರೂ ಮನೆಯಲ್ಲಿ ತೆಲುಗೋ ತಮಿಳೋ ಆಡಿ, ಬೀದಿಯಲ್ಲಿ ಕನ್ನಡ ಆಡುವವರು. ತಾಯಿಯ ಕೈಯ ಪೊರಕೆ ಮಗಳ ಕೈಗೆ ಬರುವುದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ, ಆದರೂ ಬಂದಿತು. ಅವರನ್ನು ಊರು ಜಾಡಮಾಲಿ ಎಂದಿತು, ಇನ್ನೂ ಕೀಳಾದ ಮಾತುಗಳಿಂದಲೂ ಕರೆಯಿತು. ಕುವೆಂಪು ಒಂದು ನಾಟಕದಲ್ಲಿ ಬೀದಿ ಗುಡಿಸುವವನನ್ನು 'ಜಲಗಾರ'ನೆಂದು ಕರೆದು ಶಿವನನ್ನೇ ಅವನ ಬಳಿಗೆ ಕರೆತಂದರು. 'ಪೌರಕಾರ್ಮಿಕ' ಎಂಬ ಮಾತು ಬಳಕೆಗೆ ಬಂದದ್ದು ಬಹಳ ತಡವಾಗಿ. ಪೌರ ಎಂಬ ಪದ ಸದಸ್ಯನ ಹೆಸರಿಗೂ ಗುಡಿಸುವವನ ಹೆಸರಿಗೂ ಏಕವಾಗಿ ಹತ್ತಿದ್ದು ನನ್ನ ಮಟ್ಟಿಗೆ ಸಣ್ಣ ಘಟನೆಯಲ್ಲ.

ಹೆಸರಿಗಿಂತ ದೊಡ್ಡ ಬದಲಾವಣೆಯನ್ನು ತಂದವರು ಬಿ. ಬಸವಲಿಂಗಪ್ಪನವರು. 1972ರಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ಖಾತೆ ವಹಿಸಿಕೊಂಡ ಅವರು, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ದೇಶಕ್ಕೆ ಅಂಥ ಕಾನೂನು ಬರಲು 1993ರ ತನಕ ಕಾಯಬೇಕಾಯಿತು. ನಮ್ಮ ಜನ ಬಸವಲಿಂಗಪ್ಪನವರನ್ನು ನೆನೆಯುವುದು 1973ರ 'ಬೂಸಾ' ಗಲಾಟೆಗಾಗಿ. ಸಾಹಿತ್ಯದ ಬಗ್ಗೆ ಆಡಿದ ಒಂದು ಮಾತಿಗೆ ಮಂತ್ರಿ ಪದವಿ ಹೋಯಿತು. ಆ ಜಗಳದಲ್ಲಿ ಯಾರು ಎಷ್ಟು ಸರಿಯೆಂಬುದನ್ನು ನಾನಿಲ್ಲಿ ಕೆದಕುವುದಿಲ್ಲ. ಆದರೆ ಸಾವಿರಾರು ತಲೆಗಳ ಮೇಲಿಂದ ಬಾಲ್ದಿಯನ್ನು ಇಳಿಸಿದ ಆಜ್ಞೆಯನ್ನು ಮರೆತು, ಭಾಷಣದ ಒಂದು ಶಬ್ದವನ್ನು ಅರ್ಧ ಶತಮಾನ ನೆನಪಿಟ್ಟುಕೊಂಡ ವಿದ್ಯಾವಂತರ ತಕ್ಕಡಿಯ ಮೇಲೆ ನನಗೆ ನಂಬಿಕೆಯಿಲ್ಲ. ಮಲ್ಲೇಶ್ವರದ ಆ ಓಣಿ ನಿರುದ್ಯೋಗಿಯಾದದ್ದು ಒಳಚರಂಡಿಯಿಂದ ಎಷ್ಟೋ, ಇಂಥ ಆಜ್ಞೆಗಳಿಂದಲೂ ಅಷ್ಟೇ.

ಅದೇ ದಶಕದಲ್ಲಿ ಐ. ಪಿ. ಡಿ. ಸಾಲಪ್ಪನವರ ಸಮಿತಿ ಈ ಕಾರ್ಮಿಕರ ಬಾಳು ಬವಣೆಗಳನ್ನು ವಿಚಾರಿಸಿ ವರದಿ ಕೊಟ್ಟಿತು. ಐನೂರು ಮಂದಿ ನಿವಾಸಿಗಳಿಗೆ ಒಬ್ಬ ಪೌರಕಾರ್ಮಿಕನಿರಬೇಕೆಂಬ ಲೆಕ್ಕ ಅದರಿಂದ ಬಂದದ್ದು. ಲೆಕ್ಕ ಸರಳವಾದದ್ದು, ಒಂದು ಕೋಟಿ ಜನಕ್ಕೆ ಇಪ್ಪತ್ತು ಸಾವಿರ ಮಂದಿ ಬೇಕಾಗುತ್ತಾರೆ. ಸಭೆಗಳಲ್ಲಿ ಈ ವರದಿಯ ಹೆಸರನ್ನು ಹೇಳದವರಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಅದರ ಲೆಕ್ಕ ಕೂಡಿಬರಲಿಲ್ಲ.

ಕೂಡಿಬರದಿರುವುದಕ್ಕೆ ಕಾರಣ ಗುತ್ತಿಗೆ. ಚರಿತ್ರೆ ಕೆಲವು ವೇಳೆ ಅಣಕವಾಡುತ್ತದೆ. 1992ರಲ್ಲಿ ಅಂಗೀಕಾರವಾದ ಸಂವಿಧಾನದ 74ನೆಯ ತಿದ್ದುಪಡಿ ಊರಿನ ಸಭೆಗಳಿಗೆ ಮೊದಲ ಬಾರಿಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟು, ಹದಿನೆಂಟು ವಿಷಯಗಳ ಪಟ್ಟಿಯನ್ನು ಅವುಗಳ ಮುಂದೆ ಇಟ್ಟಿತು. ಅದೇ ದಶಕದಲ್ಲಿ ಬೆಂಗಳೂರಿನ ಸಭೆ ತನ್ನ ಕೈಯಲ್ಲಿ ಉಳಿದಿದ್ದ ಒಂದೇ ದೊಡ್ಡ ಕೆಲಸವನ್ನು ಗುತ್ತಿಗೆದಾರರಿಗೆ ಹಂಚತೊಡಗಿತು. ಸಂವಿಧಾನ ಕೊಟ್ಟದ್ದನ್ನು ಒಂದು ಕೈಯಲ್ಲಿ ಹಿಡಿದು, ಇದ್ದದ್ದನ್ನು ಇನ್ನೊಂದು ಕೈಯಿಂದ ಬಿಟ್ಟಿತು. ಪೌರಕಾರ್ಮಿಕಳು ಗುಡಿಸುವ ಬೀದಿ ಪಾಲಿಕೆಯದು, ಹಾಜರಿ ಹಿಡಿಯುವ ಮೇಸ್ತ್ರಿ ಗುತ್ತಿಗೆದಾರನವನು. ಸಂಬಳ ತಡವಾದರೆ ಪಾಲಿಕೆ ಗುತ್ತಿಗೆದಾರನನ್ನು ತೋರಿಸುತ್ತಿತ್ತು. ಗುತ್ತಿಗೆದಾರ ಪಾಲಿಕೆಯ ಬಾಕಿ ಬಿಲ್ಲನ್ನು ತೋರಿಸುತ್ತಿದ್ದ. ಕಣದ ರಾಶಿಗೂ ನೀರುಗಂಟಿಯ ಮೊರಕ್ಕೂ ನಡುವೆ ನಿಲ್ಲದಿದ್ದ ಮೂರನೆಯವನು ಈಗ ಬಂದು ನಿಂತಿದ್ದ. ಸಹಭಾಗಿತ್ವದ ಇನ್ನೊಂದು ಬಗೆ ಎಂದೆನಲ್ಲ, ಅದು ಇದೇ.

ನ್ಯಾಯವಾಗಿ ಹೇಳುವುದಾದರೆ, ಆ ಕಾಲದ ಪಾಲುದಾರಿಕೆಗಳೆಲ್ಲವೂ ಕೆಟ್ಟವಲ್ಲ. 1999ರಲ್ಲಿ ನಂದನ್ ನಿಲೇಕಣಿಯವರ ಮುಂದಾಳುತನದಲ್ಲಿ ಬೆಂಗಳೂರು ಅಜೆಂಡಾ ಕಾರ್ಯಪಡೆ ರಚಿತವಾಗಿ, ಪಾಲಿಕೆಯ ಲೆಕ್ಕಪತ್ರಗಳನ್ನು ಹೊಸ ಕ್ರಮಕ್ಕೆ ತರುವುದರಲ್ಲಿ ನೆರವಾಯಿತು. 2000ದಲ್ಲಿ ಆಸ್ತಿ ತೆರಿಗೆಯನ್ನು ಮನೆಯೊಡೆಯರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂದು, ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವ ಪಾಡು ಎಷ್ಟೋ ಜನಕ್ಕೆ ತಪ್ಪಿತು. ಇದನ್ನು ಮೆಚ್ಚಲೇಬೇಕು. ಆದರೆ ಆ ಕಾರ್ಯಪಡೆಯ ಸದಸ್ಯರನ್ನು ಯಾವ ವಾರ್ಡೂ ಚುನಾಯಿಸಿರಲಿಲ್ಲವೆಂಬುದೂ ನಿಜ. ಊರಿನ ಸಭೆ ತನ್ನ ಬುದ್ಧಿಯನ್ನು ಮೇಲಿನಿಂದ ಎರವಲು ತಂದಿತು, ತನ್ನ ಕೈಕಾಲುಗಳನ್ನು ಕೆಳಗೆ ಬಾಡಿಗೆಗೆ ಪಡೆಯಿತು. ನಡುವೆ ಉಳಿದದ್ದೇನು?

2007ರಲ್ಲಿ ಸುತ್ತಲಿನ ಪುರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ಹೆಸರು ಬೃಹತ್ತಾಯಿತು, ಸಭೆ ಮಾಯವಾಯಿತು. ಹಿಂದಿನ ಪಾಲಿಕೆಯ ಅವಧಿ 2006ರಲ್ಲಿ ಮುಗಿದ ಮೇಲೆ 2010ರವರೆಗೆ ಚುನಾವಣೆಯಿಲ್ಲ. 2015ರಲ್ಲಿ ಇನ್ನೊಮ್ಮೆ ಚುನಾವಣೆಯಾಗಿ, ಆ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಆಡಳಿತಾಧಿಕಾರಿಗಳದೇ ಆಳ್ವಿಕೆ. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆ ಹೋಗಿ ಐದು ನಗರಪಾಲಿಕೆಗಳು ಹುಟ್ಟುವ ದಿನದವರೆಗೂ ಚುನಾಯಿತ ಸಭೆ ಮರಳಿ ಬರಲಿಲ್ಲ.

ಈ ಐದು ವರ್ಷದಲ್ಲಿ ಊರು ನಿಂತಿತೆ? ನಿಲ್ಲಲಿಲ್ಲ. ಹಾಲು ಬಂದಿತು, ಮಳೆಗೆ ರಸ್ತೆ ಮುಳುಗಿತು, ತೆರಿಗೆಯ ರಸೀತಿ ಬಂದಿತು. ಸದಸ್ಯರಿಲ್ಲವೆಂದು ಬಹಳ ಮಂದಿಗೆ ಗೊತ್ತೇ ಆಗಲಿಲ್ಲ. ಅದೇ ಅವಧಿಯಲ್ಲಿ, 2022ರ ಜುಲೈ ಮೊದಲ ನಾಲ್ಕು ದಿನ ಪೌರಕಾರ್ಮಿಕರು ಖಾಯಮಾತಿ ಕೇಳಿ ಪೊರಕೆ ಕೆಳಗಿಟ್ಟರು. ಗುತ್ತಿಗೆದಾರರನ್ನು ಬಿಡಿಸಿ ಪಾಲಿಕೆಯೇ ನೇರವಾಗಿ ಸಂಬಳ ಕೊಡುವ ಏರ್ಪಾಡು 2018ರ ಹೊತ್ತಿಗೆ ಬಂದಿತ್ತಾದರೂ ನೌಕರಿ ಖಾಯಮಾಗಿರಲಿಲ್ಲ. 2020ರ ಮಹಾವ್ಯಾಧಿಯಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗ ಬೀದಿಗಿಳಿದವರು, ಪ್ಲೇಗಿನ ವರ್ಷದಂತೆಯೇ, ಇವರೇ. ಚಪ್ಪಾಳೆ ಸಿಕ್ಕಿತ್ತು. ಹಳೆಯ ಸೆಂಟ್ರಲ್ ಜೈಲಿನ ಜಾಗದಲ್ಲಿರುವ ಸ್ವಾತಂತ್ರ್ಯ ಉದ್ಯಾನದಲ್ಲಿ ಅವರು ಕುಳಿತರು. ನಾಲ್ಕೇ ದಿನಕ್ಕೆ ಬೀದಿಯ ಮೂಲೆಗಳು ಮಾತಾಡತೊಡಗಿದವು. ಸರ್ಕಾರ ಭರವಸೆ ಕೊಟ್ಟಿತು, ಮುಷ್ಕರ ನಿಂತಿತು.

ಸದಸ್ಯರಿಲ್ಲದೆ ಐದು ವರ್ಷ ನಡೆದ ಊರು ಗುಡಿಸುವವರಿಲ್ಲದೆ ನಾಲ್ಕು ದಿನ ನಡೆಯಲಿಲ್ಲವೆಂದು ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಅಷ್ಟಕ್ಕೇ ನಿಂತರೆ ಅನ್ಯಾಯವಾಗುತ್ತದೆ. ಆ ಹೆಂಗಸರು ತಮ್ಮ ಅಹವಾಲನ್ನು ಒಯ್ಯಬೇಕಾಗಿದ್ದದ್ದು ತಮ್ಮ ಊರಿನ ಸಭೆಗೆ. ಸಭೆ ಇರಲಿಲ್ಲ, ಮುಖ್ಯಮಂತ್ರಿಯವರೆಗೆ ಹೋಗಬೇಕಾಯಿತು. ತಮ್ಮ ವಾರ್ಡಿನ ಸದಸ್ಯನ ಮನೆ ಬಾಗಿಲಿನಲ್ಲಿ ಕುಳಿತು, "ಏನಪ್ಪಾ, ನಮ್ಮ ಮತ ಬೇಡವೆ?" ಎಂದು ಕೇಳುವ ದಾರಿ ಅವರಿಗೆ ಮುಚ್ಚಿತ್ತು. 1882ರಲ್ಲಿ ಗುಡಿಸುವವರಿಗೆ ಮತವಿರಲಿಲ್ಲ. 2022ರಲ್ಲಿ ಮತವಿತ್ತು, ಹಾಕುವುದಕ್ಕೆ ಚುನಾವಣೆಯಿರಲಿಲ್ಲ.

2025ರ ಮೇ 1ರಂದು, ಕಾರ್ಮಿಕರ ದಿನ, ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಖಾಯಂ ನೇಮಕದ ಆಜ್ಞಾಪತ್ರ ಕೊಡಲಾಯಿತು. ಅದಾದ ನಾಲ್ಕೇ ತಿಂಗಳಿಗೆ ಪಾಲಿಕೆ ಐದಾಯಿತು.

ಆ ಮೇಲೆ ಒಂದು ಬೆಳಗ್ಗೆ ನಾನು ಮಲ್ಲೇಶ್ವರದ ಅಂಥದೊಂದು ಓಣಿಯ ಬಾಯಿಯಲ್ಲಿ ನಿಂತಿದ್ದೆ. ಹಸಿರು ಕೋಟು ತೊಟ್ಟ ಹೆಂಗಸೊಬ್ಬಳು ಮುಂಬೀದಿಯನ್ನು ಗುಡಿಸಿ ಮುಗಿಸಿ, ಓಣಿಯ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದಳು. ಕೈ ತೊಳೆಯಲು ಪಕ್ಕದ ಮನೆಯವರು ಒಂದು ಚೊಂಬು ನೀರು ಗೇಟಿನ ಮೇಲಿಟ್ಟಿದ್ದರು.

"ಎಷ್ಟು ವರ್ಷ ಆಯಿತಮ್ಮ, ಈ ಕೆಲಸಕ್ಕೆ ಬಂದು?" ಎಂದು ಕೇಳಿದೆ.

ಆಕೆ ಸ್ವಲ್ಪ ಯೋಚಿಸಿದಳು. ಮತ್ತೆ ನನ್ನನ್ನೇ ಕೇಳಿದಳು: "ಕಾಂಟ್ರಾಕ್ಟಲ್ಲಿ ಗುಡಿಸಿದ್ದೂ ಸೇರಿಸಿ ಹೇಳಬೇಕಾ ಸಾಮಿ, ಇಲ್ಲಾ ಪರ್ಮನೆಂಟ್ ಆದ್ಮೇಲಿಂದ ಮಾತ್ರಾನಾ?"